ಬಾರ್‌ಕೋಡ್ ಚಿತ್ರವನ್ನು ‘ರಚಿಸುವುದೋ’, ‘ಮೂಡಿಸುವುದೋ’?

ಮಾನ್ಯರೆ,

ಉಪ್ಪಿನಕಾಯಿ, ಸಾಂಬಾರು ಪುಡಿ, ಹಪ್ಪಳ ಮುಂತಾದವನ್ನು ತಯಾರಿಸಿ ಮಾರುವ ಸಣ್ಣ ಉತ್ಪಾದಕರು ತಮ್ಮ ಪೊಟ್ಟಣಗಳ ಲೇಬಲ್ಲುಗಳನ್ನು ತಾವೇ ಸಿದ್ಧಪಡಿಸಿಕೊಳ್ಳಲು ನೆರವಾಗುವ ಒಂದು ವೆಬ್ ಅಪ್ಲಿಕೇಶನ್ನಿನ ಕನ್ನಡ ಪದಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಉತ್ಪನ್ನದ 13 ಅಂಕಿಗಳ ಸಂಖ್ಯೆಯನ್ನು ತುಂಬಿ ಗುಂಡಿ ಒತ್ತಿದರೆ ಬಾರ್‌ಕೋಡಿನ ಚಿತ್ರ ತೆರೆಯ ಮೇಲೆ ಬರುತ್ತದೆ. ಅದನ್ನು ಇಳಿಸಿಕೊಂಡು ಲೇಬಲ್ಲಿನಲ್ಲಿ ಕೂರಿಸಬಹುದು. ಆ ಗುಂಡಿಯ ಮೇಲೆ ಏನು ಬರೆಯಬೇಕು ಎಂಬುದು ನನ್ನ ಮುಖ್ಯ ಪ್ರಶ್ನೆ. ಅದರ ಹಿಂದೆಯೇ ಇನ್ನೂ ಮೂರು ಪದಗಳ ಪ್ರಶ್ನೆ ಇದೆ.

ಈಗ ಅಲ್ಲಿರುವುದು ‘ಬಾರ್‌ಕೋಡ್ ರಚಿಸಿ’ ಎಂದು. ಇದನ್ನು ಓದಿದ ಹಲವರು ಅಪ್ಲಿಕೇಶನ್ನೇ ತಮಗೊಂದು ಹೊಸ ಸಂಖ್ಯೆಯನ್ನು ಕೊಡುತ್ತದೆಂದು ಭಾವಿಸಿ, ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟು ಗುಂಡಿ ಒತ್ತುತ್ತಾರೆ. ಅಂಗಡಿಗಳಲ್ಲಿ ಚಲಾವಣೆಯಾಗುವ ಸಂಖ್ಯೆಯಾದರೋ ಜಿಎಸ್‌ಒನ್ ಇಂಡಿಯಾ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡವರಿಗೆ ಅಲ್ಲಿಂದ ಬರತಕ್ಕದ್ದು. ಅಪ್ಲಿಕೇಶನ್ ಮಾಡುವುದು ಆ ಸಂಖ್ಯೆಯನ್ನು ಗೆರೆಗಳ ರೂಪದಲ್ಲಿ ತೋರಿಸುವ ಕೆಲಸವನ್ನಷ್ಟೆ. ಸಂಖ್ಯೆ, ಗೆರೆಗಳ ಗುಂಪು, ಅದರ ಚಿತ್ರ ಈ ಮೂರನ್ನೂ ನಾವು ‘ಬಾರ್‌ಕೋಡ್’ ಎಂದೇ ಕರೆಯುತ್ತಿರುವುದು ಗೊಂದಲದ ಮೂಲ. ಆದ್ದರಿಂದ ಗುಂಡಿಯ ಮೇಲೆ ‘ಚಿತ್ರ’ ಎಂಬ ಮಾತು ಬರಲೇಬೇಕೆಂಬುದು ನನ್ನ ಅಭಿಪ್ರಾಯ.

ಉಳಿದದ್ದು ಕ್ರಿಯಾಪದ. ‘ಉತ್ಪಾದಿಸಿ’ ಎಂದರೆ ಕಾರ್ಖಾನೆಯ ವಾಸನೆ ಬರುತ್ತದೆ; ಅದೂ ಉಪ್ಪಿನಕಾಯಿಯ ಉತ್ಪಾದಕರು ಬಳಸುವ ಪುಟದಲ್ಲಿ ಆ ಪದ ಬೇರೆಯದೇ ಅರ್ಥದಲ್ಲಿ ಪದೇ ಪದೇ ಬರುತ್ತಿರುವಾಗ. ‘ಚಿತ್ರ ತೆಗೆಯಿರಿ’ ಎಂದರೆ ಫೋಟೊ ಹಿಡಿಯುವುದೋ, ಇರುವ ಚಿತ್ರವನ್ನು ಅಳಿಸುವುದೋ ತಿಳಿಯದು. ‘ಚಿತ್ರ ಬಿಡಿಸಿ’ ಎಂಬುದು ನಮ್ಮ ನಿತ್ಯದ ಮಾತೇ ಸರಿ. ಆದರೆ ಒಗಟು ಬಿಡಿಸುವುದು, ಗಂಟು ಬಿಡಿಸುವುದು ಎಂಬ ಬಳಕೆಯೂ ಅಷ್ಟೇ ಬಲವಾಗಿರುವುದರಿಂದ, ಸಂಖ್ಯೆಯನ್ನು ಗೆರೆಗಳಾಗಿಸುವುದಕ್ಕೂ ಸ್ಕ್ಯಾನರ್ ಆ ಗೆರೆಗಳಿಂದ ಸಂಖ್ಯೆಯನ್ನು ಹೊರತೆಗೆಯುವುದಕ್ಕೂ ಒಂದೇ ಕ್ರಿಯಾಪದ ಸಲ್ಲುವ ವಿಚಿತ್ರ ಪರಿಸ್ಥಿತಿ ಒದಗುತ್ತದೆ. ಇವೆಲ್ಲವನ್ನೂ ಬದಿಗಿಟ್ಟು ‘ಬಾರ್‌ಕೋಡ್ ಚಿತ್ರ ಮೂಡಿಸಿ’ ಎಂದು ಬರೆಯಬೇಕೆಂದಿದ್ದೇನೆ. ಸ್ಕ್ಯಾನರ್ ಮಾಡುವ ಕೆಲಸಕ್ಕೆ ‘ಓದು’ ಸಾಕು. ‘ಮೂಡಿಸು’ ಎಂಬುದು ಕಾವ್ಯದ ಮಾತಾಯಿತು, ಗುಂಡಿಯ ಮೇಲೆ ಹೊಂದುವುದಿಲ್ಲ ಎಂಬ ಆಕ್ಷೇಪ ಒಬ್ಬ ಸಹೋದ್ಯೋಗಿಯಿಂದ ಬಂದಿದೆ. ಕುಂಬಳಕಾಯಿ ಬಳ್ಳಿಯಲ್ಲಿ ಹೂ ಮೂಡುವುದನ್ನು ಹೇಳಲು ಯಾರೂ ಕವಿಯಾಗಬೇಕಿಲ್ಲವಾದ್ದರಿಂದ ನನಗೆ ಅದು ಒಪ್ಪಿಗೆಯಾಗಿಲ್ಲ. ಸದಸ್ಯರ ಕಿವಿಗೆ ಹೇಗೆ ಕೇಳುತ್ತದೆಂದು ತಿಳಿಯಬೇಕಿದೆ.

ಎರಡನೆಯದು ‘ಚೆಕ್ ಡಿಜಿಟ್’, ಅಂದರೆ ಸಂಖ್ಯೆಯಲ್ಲಿ ತಪ್ಪಾದರೆ ಗೊತ್ತಾಗಲೆಂದು ಮೊದಲ ಹನ್ನೆರಡು ಅಂಕಿಗಳಿಂದ ಲೆಕ್ಕಹಾಕಿ ಸೇರಿಸುವ ಹದಿಮೂರನೆಯ ಅಂಕಿ. ಮಾದರಿಗೆ 890123456789 ಎಂಬ ಹನ್ನೆರಡು ಅಂಕಿಗಳನ್ನು ತೆಗೆದುಕೊಂಡರೆ, ಎಡದಿಂದ ಬೆಸ ಸ್ಥಾನಗಳಲ್ಲಿರುವ ಅಂಕಿಗಳ ಮೊತ್ತ 28, ಸಮ ಸ್ಥಾನಗಳ ಮೊತ್ತ 34, ಅದರ ಮೂರು ಪಟ್ಟು 102, ಕೂಡಿದರೆ 130. ಹತ್ತರಿಂದ ಭಾಗವಾಗಲು ಈ ಮೊತ್ತಕ್ಕೆ ಇನ್ನೆಷ್ಟು ಸೇರಬೇಕೋ ಅದೇ ಹದಿಮೂರನೆಯ ಅಂಕಿ; ಇದು ಆಗಲೇ ಭಾಗವಾಗುವುದರಿಂದ ಇಲ್ಲಿ ಅದು 0. ಇದಕ್ಕೆ ‘ಪರಿಶೀಲನಾ ಅಂಕಿ’ ಎಂಬ ಪದ ಈಗ ಬಳಕೆಯಲ್ಲಿದೆ. ಸಂಖ್ಯೆ ಸರಿಯಾದದ್ದೆಂದು ಯಾರೋ ಪರಿಶೀಲಿಸಿ ಒಪ್ಪಿದ್ದಾರೆಂಬ ಭರವಸೆಯನ್ನು ಆ ಪದ ಕೊಡುತ್ತದೆ, ಆದರೆ ಈ ಅಂಕಿಗೆ ಅಷ್ಟು ಶಕ್ತಿಯಿಲ್ಲ. ಯಾವುದಾದರೂ ಸಂಖ್ಯೆಯಲ್ಲಿ ಪಕ್ಕಪಕ್ಕದಲ್ಲಿರುವ 1 ಮತ್ತು 6 ಅದಲುಬದಲಾದರೆ ಮೊತ್ತ ಸರಿಯಾಗಿ ಹತ್ತರಷ್ಟು ವ್ಯತ್ಯಾಸವಾಗಿ, ತಪ್ಪು ಸಿಕ್ಕಿಬೀಳುವುದೇ ಇಲ್ಲ. ಲೆಕ್ಕ ತಾಳೆಯಾಯಿತೋ ಇಲ್ಲವೋ ಎಂದಷ್ಟೇ ಅದು ಹೇಳಬಲ್ಲದು. ಹಾಗಾಗಿ ‘ತಾಳೆ ಅಂಕಿ’ ಎಂಬುದನ್ನು ಸೂಚಿಸುತ್ತಿದ್ದೇನೆ. ದೋಷಸೂಚನೆಯೂ ‘ತಾಳೆ ಅಂಕಿ ಹೊಂದುತ್ತಿಲ್ಲ, ಸಂಖ್ಯೆಯನ್ನು ಮತ್ತೊಮ್ಮೆ ನೋಡಿ’ ಎಂದು ಸರಾಗವಾಗಿ ಬರುತ್ತದೆ.

ಇದೇ ಜಾಗದಲ್ಲಿ ಮೊದಲ ಮೂರು ಅಂಕಿಗಳಾದ 890ಕ್ಕೆ ‘ದೇಶದ ಸಂಕೇತ’ ಎಂಬ ವಿವರಣೆ ಕೊಟ್ಟಿದ್ದರು. ಸಂಖ್ಯೆ ಜಿಎಸ್‌ಒನ್ ಇಂಡಿಯಾದ ಮೂಲಕ ಬಂದದ್ದೆಂಬುದನ್ನು ಅದು ತಿಳಿಸುತ್ತದೆಯೇ ಹೊರತು ಸರಕು ಎಲ್ಲಿ ತಯಾರಾಯಿತೆಂಬುದನ್ನಲ್ಲ. ಈ ವಿವರಣೆಯನ್ನು ತೆಗೆದುಹಾಕಿದ್ದೇನೆ, ಚರ್ಚೆಗೆ ಇಡುತ್ತಿಲ್ಲ.

ಮೂರನೆಯದು ‘ಕ್ವಯಟ್ ಝೋನ್’. ಗೆರೆಗಳ ಎಡಬಲಗಳಲ್ಲಿ ಏನನ್ನೂ ಮುದ್ರಿಸದೆ ಬಿಡಬೇಕಾದ ಭಾಗವಿದು. ಇದಿಲ್ಲದಿದ್ದರೆ ಗೆರೆಗಳು ಎಲ್ಲಿಂದ ಶುರುವಾದವೆಂದು ಸ್ಕ್ಯಾನರಿಗೆ ಗೊತ್ತಾಗುವುದಿಲ್ಲ. ‘ನಿಶ್ಶಬ್ದ ವಲಯ’ ಎಂದು ನೇರವಾಗಿ ತಂದರೆ ಆಸ್ಪತ್ರೆಯ ಮುಂದಿನ ಫಲಕ ನೆನಪಾಗುತ್ತದೆ. ‘ಖಾಲಿ ಜಾಗ’ ಎಂಬುದು ಅದಕ್ಕಿಂತ ಅಪಾಯಕಾರಿ, ಏಕೆಂದರೆ ಖಾಲಿ ಜಾಗವೆಂದ ಮೇಲೆ ಅದನ್ನು ತುಂಬಬೇಕೆನಿಸುವುದು ಸಹಜ. ಒಬ್ಬರು ಅಲ್ಲಿ ಬೆಲೆಯನ್ನೂ ಇನ್ನೊಬ್ಬರು ಮೆಣಸಿನಕಾಯಿಯ ಚಿತ್ರವನ್ನೂ ಸೇರಿಸಿದ್ದರು. ಬಲತುದಿಯಲ್ಲಿ ಆ ಅಂಚನ್ನು ಕಾಯಲೆಂದೇ ಅಂಕಿಗಳ ಸಾಲಿನ ಕೊನೆಗೆ ಮುದ್ರಿಸುವ ‘>’ ಚಿಹ್ನೆಯನ್ನು ಅಚ್ಚಿನ ದೋಷವೆಂದು ಅಳಿಸಿದವರೂ ಇದ್ದಾರೆ. ‘ಮೀಸಲು ಅಂಚು’ ಎಂದರೆ ಅದನ್ನು ಯಾವುದೋ ಉದ್ದೇಶಕ್ಕಾಗಿ ಬಿಟ್ಟಿದ್ದಾರೆಂಬ ಅರ್ಥ ಬರುತ್ತದೆಯಲ್ಲವೆ? ಮುದ್ರಣಾಲಯಗಳಲ್ಲಿ ಇದಕ್ಕೆ ಬಾಯಿಮಾತಿನ ಹೆಸರೇನಾದರೂ ಇದ್ದರೆ ನಾನು ಅದನ್ನೇ ಒಪ್ಪಿಕೊಳ್ಳಲು ಸಿದ್ಧ.

ಕೊನೆಯದು ‘ಮಾಡ್ಯೂಲ್’. ಬಾರ್‌ಕೋಡಿನಲ್ಲಿ ಬರಬಹುದಾದ ಅತ್ಯಂತ ಸಪೂರ ಗೆರೆಯ ಅಗಲವೇ ಒಂದು ಮಾಡ್ಯೂಲ್. 13 ಅಂಕಿಗಳ ಈ ಬಗೆಯಲ್ಲಿ ಒಟ್ಟು 95 ಮಾಡ್ಯೂಲ್‌ಗಳಿರುತ್ತವೆ, ಜೊತೆಗೆ ಅಂಚಿಗೆಂದು ಎಡಕ್ಕೆ 11, ಬಲಕ್ಕೆ 7. ಒಂದು ಮಾಡ್ಯೂಲಿನ ವಾಡಿಕೆಯ ಅಳತೆ 0.33 ಮಿಲಿಮೀಟರ್. ಮಿಲಿಮೀಟರಿಗೆ 8 ಚುಕ್ಕಿಗಳನ್ನು ಮೂಡಿಸುವ ಸಾಮಾನ್ಯ ಲೇಬಲ್ ಪ್ರಿಂಟರಿನಲ್ಲಿ ಇದು ಎರಡೂವರೆ ಚುಕ್ಕಿಗಿಂತ ತುಸು ಹೆಚ್ಚಾಗುತ್ತದೆ. ಅರ್ಧ ಚುಕ್ಕಿಯನ್ನು ಮುದ್ರಿಸಲಾಗದ್ದರಿಂದ ಒಂದೇ ಅಗಲವಿರಬೇಕಾದ ಗೆರೆಗಳಲ್ಲಿ ಕೆಲವು 2 ಚುಕ್ಕಿ, ಕೆಲವು 3 ಚುಕ್ಕಿಯಾಗಿ, ಕಣ್ಣಿಗೆ ಚೆನ್ನಾಗಿಯೇ ಕಾಣುವ ಚಿತ್ರವನ್ನು ಸ್ಕ್ಯಾನರ್ ನಿರಾಕರಿಸಬಹುದು. ಚಿತ್ರವನ್ನು ಮೌಸಿನಿಂದ ಎಳೆದು ಹಿಗ್ಗಿಸಿದಾಗಲೂ ಇದೇ ಗತಿ. ಆದ್ದರಿಂದ ಈ ಅಳತೆಯನ್ನು ಪೂರ್ಣ ಚುಕ್ಕಿಗಳಲ್ಲಿ ಆರಿಸಿಕೊಳ್ಳಲು ಬಳಕೆದಾರರನ್ನು ಕೇಳಬೇಕಾಗಿದೆ, ಪದ ಅವರಿಗೆ ಕೂಡಲೇ ಹೊಳೆಯುವಂಥದ್ದಾಗಿರಬೇಕು. ‘ಘಟಕ’ ಎಂದರೆ ತಯಾರಿಕಾ ಘಟಕವೆಂದುಕೊಂಡಾರು. ‘ಏಕಮಾನ’ ಪಠ್ಯಪುಸ್ತಕದಲ್ಲೇ ಉಳಿದುಹೋದ ಪದ. ‘ಎಳೆ’ ಎಂದರೆ ಹೇಗೆ? ‘ಎಳೆಯ ಅಗಲ: 3 ಚುಕ್ಕಿ’. ಒಂದೆಳೆ, ಎರಡೆಳೆ, ನಾಲ್ಕೆಳೆಯ ಗೆರೆ ಎಂಬ ಪ್ರಯೋಗಗಳೂ ಸಲೀಸಾಗಿ ಸಾಧ್ಯವಾಗುತ್ತವೆ. ಗೆರೆಗಳ ನಡುವಿನ ಬಿಳಿಯ ಭಾಗವನ್ನೂ ಎಳೆಗಳಲ್ಲೇ ಅಳೆಯಬೇಕಾಗುವುದೊಂದು ತೊಡಕು. ಇಲ್ಲದ್ದನ್ನು ಎಳೆಯೆಂದು ಕರೆಯುವುದು ಸರಿಯೇ ಎಂಬ ಅನುಮಾನ ನನಗೆ ಉಳಿದಿದೆ. ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.