ಗಜ್ಜರಿ ನೆಟ್ಟಗ ಬರಬೇಕಂದ್ರ ಏನ್ ಮಾಡಬೇಕ್ರಿ?

ಪ್ರಶ್ನೆ (ವಿಜಯಪುರ): ನಮಸ್ಕಾರ ಸರ್. ದೀಪಾವಳಿ ಆದಮ್ಯಾಲ ಹಿತ್ತಲದಾಗ ಗಜ್ಜರಿ ಹಚ್ಚಿದ್ವಿ. ಮೊದಲ ಟ್ರೇದಾಗ ಸಸಿ ಮಾಡಿ, ಆಮ್ಯಾಲ ಮಡಿಗೆ ಕಿತ್ತು ನೆಟ್ಟಿದ್ದು. ನಮ್ಮದು ಎರಿ ಮಣ್ಣು, ತಿಪ್ಪಿ ಗೊಬ್ಬರನೂ ಕೈಬಿಚ್ಚಿ ಹಾಕೀವಿ. ಈಗ ಕಿತ್ತು ನೋಡಿದ್ರ ಕೆಲವಕ್ಕ ಎರಡು ಕಾಲು, ಕೆಲವಕ್ಕ ಮೂರು. ಹೆರಿಯಾಕೂ ಬರವಲ್ದು. ಬೀಜದಂಗಡ್ಯಾವ ಹಳೇ ಬೀಜ ಕೊಟ್ಟಾನೇನ್ರಿ?

ಉತ್ತರ (ನಿವೃತ್ತ ತೋಟಗಾರಿಕೆ ಅಧಿಕಾರಿ): ಪಾಪ, ಅಂಗಡ್ಯಾವನ್ನ ಬಿಟ್ಟಬಿಡ್ರಿ ಅಕ್ಕಾರ. ಹಳೇ ಬೀಜ ಆದ್ರ ಮೊಳಕಿನ ಬರೂದಿಲ್ಲ, ಬೇರು ಕವಲೊಡಿಯಾಕ ಬೀಜ ಕಾರಣ ಅಲ್ಲ. ಟ್ರೇನ ಕಾರಣ. ಗಜ್ಜರಿ ತಾಯಿಬೇರು ಮೊದಲ ಮೂರ್ನಾಲ್ಕು ವಾರದಾಗ ಉದ್ದಕ ಇಳಿತೈತಿ, ದಪ್ಪಾಗೂದು ಆಮ್ಯಾಲ. ಎಳಿ ಬೇರಿನ ತುದಿ ಮುರೀತಂದ್ರ ಪಕ್ಕದ ಬೇರು ಆ ಕೆಲಸ ಹಿಡಿತಾವ, ಅವ ಮುಂದ ಕಾಲಾಗತಾವ. ಬದನಿ, ಟೊಮ್ಯಾಟೊ ಸಸಿ ಕಿತ್ತು ಹಚ್ಚಿದ್ರ ನಡಿತೈತಿ, ಯಾಕಂದ್ರ ನಮಗ ಬೇಕಾಗಿದ್ದು ಕಾಯಿ. ಇಲ್ಲಿ ಬೇರನ್ನ ತಿನ್ನಾವರು ನಾವು. ಬೀಜ ಬೆಳಿಯೂ ಜಾಗಾದಾಗನ ಬೀಳಬೇಕು.

ಇನ್ನ ಎರಿ ಮಣ್ಣು. ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಬಿರಿತೈತಿ, ಗಟ್ಟಿ ಹೆಂಟಿ ಅಡ್ಡ ಬಂತಂದ್ರ ಬೇರು ಸೊಟ್ಟ ತಿರುಗತೈತಿ. ಎರಡು ಪುಟ್ಟಿ ಉಸುಕು ಸುರುವಿ ಕಲಿಸಿದ್ರ ಸಡಿಲ ಆಗತೈತಿ ಅಂತ ಭಾಳ ಮಂದಿ ತಿಳಕೊಂಡಾರ. ಆಗೂದಿಲ್ರಿ, ಸ್ವಲ್ಪ ಉಸುಕು ಬಿದ್ರ ಇನ್ನೂ ಬಿಗಿ ಹಿಡಿತೈತಿ. ಅದರ ಬದಲಿ ಒಂದು ಫೂಟ್ ಎತ್ತರದ ಮಡಿ ಕಟ್ಟರಿ. ಮಸಾರಿ ಮಣ್ಣು ತರಿಸಿ, ಪೂರ್ತಿ ಕಳಿತ ಹಳೇ ಗೊಬ್ಬರಾನ ಸಾಣಿಗಿಯಿಂದ ಸೋಸಿ ಕೂಡಸ್ರಿ. ಹರಳು, ಹೆಂಟಿ ಒಂದೂ ಉಳಿಬಾರದು. ಹಸಿ ಗೊಬ್ಬರ ಹಾಕಿದ್ರ ಬೇರಿಗೆ ಕೂದಲ ಬರತಾವ, ಕವಲೂ ಒಡಿತಾವ. ಅದನ್ನ ಹಿಂದಿನ ಬೆಳಿಗೆ ಹಾಕಿಬಿಡ್ರಿ.

ಬಿತ್ತೂದು ದಸರಾ ಆದಮ್ಯಾಲ, ಅಕ್ಟೋಬರ್-ನವೆಂಬರ್‌ದಾಗ. ಅರ್ಧ ಇಂಚಿಗಿಂತ ಆಳ ಬ್ಯಾಡ. ಸಾಲಿನ ನಡುವ ಒಂದು ಫೂಟ್. ಬೀಜ ಸಣ್ಣು, ಸೋಸಿದ ಉಸುಕಿನಾಗ ಕಲಿಸಿ ಉದುರಿಸ್ರಿ. ಮೊಳಕಿ ಬರಾಕ 10ರಿಂದ 20 ದಿನ ಬೇಕು, ಅಷ್ಟೂ ದಿನ ಮಣ್ಣಿನ ಮ್ಯಾಲ ಹಸಿ ಆರಬಾರದು. ಹಸಿ ಗೋಣಿತಟ್ಟು ಹೊದಿಸಿ, ಮೊಳಕಿ ಕಂಡ ದಿನಾನ ತೆಗೀರಿ. ಎರಡಿಂಚು ಎತ್ತರ ಆದಮ್ಯಾಲ ಸಸಿ ತೆಳು ಮಾಡ್ರಿ, ಮೂರು ಇಂಚಿಗೆ ಒಂದು ಉಳಿಲಿ. ಜೀವ ಹೊಡಕೊಂತೈತಿ ನಿಜ, ಆದ್ರ ಎಲ್ಲಾ ಉಳಿಸಿದ್ರ ಒಂದಕ್ಕೊಂದು ಸುತ್ತಕೊಂತಾವ.

ಪ್ರಶ್ನೆ (ಬಾಗಲಕೋಟೆ): ನಾವು ಒಲಿ ಬೂದಿ ಹಾಕ್ತೀವ್ರಿ, ಗಡ್ಡಿಗೆ ಚಲೋ ಅಂತಾರಲ್ಲ. ಆದ್ರೂ ಬೇರಿನಾಗ ಸಣ್ಣ ಸಣ್ಣ ಗಂಟು ಆಗ್ಯಾವ.

ಉತ್ತರ: ಬೂದಿಯೊಳಗ ಪೊಟ್ಯಾಶ್ ಇರತೈತಿ, ಖರೆ. ಆದ್ರ ನಮ್ಮ ಕಡೆ ಎರಿ ಮಣ್ಣು ಮೊದಲ ಸವಳಿನ ಕಡೆ ವಾಲಿರತೈತಿ, ಬೂದಿ ಹಾಕಿದ್ರ ಇನ್ನೂ ಏರತೈತಿ. ಮಣ್ಣು ಪರೀಕ್ಷೆ ಮಾಡಿಸದ ಹಾಕಬ್ಯಾಡ್ರಿ. ಗಂಟಿಂದು ಬ್ಯಾರೆ ಕಥಿ: ಅದು ಜಂತುಹುಳ ಇರಬೇಕು. ಕಣ್ಣಿಗೆ ಕಾಣೂದಿಲ್ಲ, ಬೇರಿನಾಗ ಹೊಕ್ಕು ಗಂಟು ಮಾಡತೈತಿ, ಕವಲೂ ಒಡಿಸತೈತಿ. ಹೋದ ಸಲ ಅಲ್ಲೇ ಟೊಮ್ಯಾಟೊ, ಬದನಿ ಇದ್ವೇನ್ರಿ? ಅವಕ್ಕೂ ಇದ ಹುಳ. ಮಡಿ ಬದಲಿಸ್ರಿ, ಹಳೇ ಜಾಗಾದಾಗ ಒಂದು ಬೆಳಿ ಚಂಡು ಹೂವು ಹಾಕ್ರಿ, ಬೇವಿನ ಹಿಂಡಿ ಕೂಡಸ್ರಿ. ಒಂದ ಸಲಕ್ಕ ಪೂರ್ತಿ ಹೋಗೂದಲ್ಲ ಮತ್ತ.

ಪ್ರಶ್ನೆ (ಬೆಳಗಾವಿ): ಮಗ ಇಂಗ್ಲೆಂಡಿನಿಂದ ಪಾರ್ಸ್‌ನಿಪ್ ಬೀಜ ತಂದಾನ. ಬಿಳಿ ಗಜ್ಜರಿ ಇದ್ದಂಗ ಇರತೈತಂತ. ನಮ್ಮಲ್ಲಿ ಬರತೈತೇನ್ರಿ ಸರ್?

ಉತ್ತರ: ಪ್ಯಾಕೆಟ್ ಮ್ಯಾಲ ವರ್ಷ ನೋಡ್ರಿ ಮೊದಲ. ಈ ಬೀಜದ ಜೀವ ಭಾಳ ಸಣ್ಣದು, ಒಂದು ವರ್ಷ ದಾಟಿತಂದ್ರ ನಂಬಬಾರದು. ಹತ್ತು ಬೀಜ ಹಸಿ ಬಟ್ಟಿಯೊಳಗ ಸುತ್ತಿಟ್ಟು ಪರೀಕ್ಷೆ ಮಾಡ್ರಿ, ಮೂರ್ನಾಲ್ಕು ವಾರ ತಾಳ್ಮಿ ಇರಲಿ. ಕೊತ್ತಂಬರಿ, ಜೀರಗಿ ಇದ್ದ ಮನಿತನದ್ದು ಇದು. ಬೀಜ ಹಪ್ಪಳದ ಚೂರಿನಂಗ ಹಗೂರ, ಗಾಳಿ ಇದ್ದಾಗ ಬಿತ್ತಬ್ಯಾಡ್ರಿ.

ಅಲ್ಲಿ ಪ್ರದರ್ಶನಕ್ಕ ಬೆಳಿಯಾವರು ಹಾರಿಯಿಂದ ನೆಲದಾಗ ಎರಡು-ಮೂರು ಫೂಟ್ ಆಳದ ಚೂಪು ಕುಣಿ ಹೊಡಿತಾರ, ಸೋಸಿದ ಹದದ ಮಣ್ಣು ತುಂಬತಾರ, ಮ್ಯಾಲ ಮೂರು ಬೀಜ ಇಟ್ಟು ಕಡೀಕ ಒಂದ ಗಿಡ ಉಳಿಸತಾರ. ಬೇರು ಕುಣಿ ಅಚ್ಚಿನಾಗ ನೆಟ್ಟಗ ಇಳಿತೈತಿ. ಎರಿ ಭೂಮ್ಯಾಗ ಗಜ್ಜರಿಗೂ ಇದನ್ನ ಮಾಡಬಹುದು, ಒಂದು ಫೂಟ್ ಸಾಕು.

ಬೆಳಗಾವಿ ವಿಜಯಪುರಕ್ಕಿಂತ ಎತ್ತರ, ತಂಪು, ಆದ್ರೂ ಪಾರ್ಸ್‌ನಿಪ್‌ಗೆ ಐದು ತಿಂಗಳ ಹತ್ತಿರ ತಂಪು ಬೇಕು. ಅಕ್ಟೋಬರ್‌ದಾಗ ಮಳಿ ಹಿಂದಾದ ಕೂಡ್ಲೆ ಬಿತ್ತಿದ್ರೂ ಫೆಬ್ರವರಿ ಬಿಸಲು ಬಂದು ಹಿಡಿತೈತಿ. ಗಡ್ಡಿ ಸಣ್ಣು ಬರತಾವ. ಅಲ್ಲಿ ಹಿಮ ಬಿದ್ದಾಗ ಪಿಷ್ಟ ಸಕ್ರಿ ಆಗಿ ಸಿಹಿ ಏರತೈತಿ, ನಮ್ಮಲ್ಲಿ ಆ ಸಿಹಿ ಸಿಗೂದಿಲ್ಲ. ಹೌಸಿಗೆ ಒಂದು ಸಾಲು ಹಾಕ್ರಿ, ಮಡಿ ತುಂಬ ಬ್ಯಾಡ.

ಮತ್ತ, ಅದರ ಸೊಪ್ಪಿನ ರಸ ಮೈಗೆ ತಾಗಿ ಮ್ಯಾಲ ಬಿಸಲು ಬಿದ್ರ ಚರ್ಮ ಸುಟ್ಟಂಗ ಬೊಬ್ಬಿ ಏಳತಾವ. ಎಲಿ ಕೊಯ್ಯೂದು, ಗಿಡ ಕೀಳೂದು ಸಂಜಿಮುಂದ, ಪೂರ್ತಿ ತೋಳಿನ ಅಂಗಿ ಹಾಕ್ಕೊಂಡು.

ಪ್ರಶ್ನೆ (ವಿಜಯಪುರ): ಸರ್, ಈಗ ಬಂದಿರೂ ಮೂರು ಕಾಲಿನವನ್ನ ಏನ್ ಮಾಡೂನ್ರಿ?

ಉತ್ತರ: ತೊಳದು ಹೆಚ್ಚಿ ಉಪ್ಪಿನಕಾಯಿ ಹಾಕ್ರಿ ಅಕ್ಕಾರ, ರುಚಿಯೊಳಗ ಏನೂ ಫರಕಿಲ್ಲ.