ಫೇರಿ ಕ್ವೀನ್ ಓಡುವಾಗ ಎಲ್ಲಿ ನಿಂತು ನೋಡಬೇಕು?

ಕಿಟಕಿ_ಸೀಟು:
ನಮಸ್ಕಾರ. ಈ ಚಳಿಗಾಲದಲ್ಲಿ ಅಪ್ಪನನ್ನು ದೆಹಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಫೇರಿ ಕ್ವೀನ್ ಅನ್ನೋ ಹಳೇ ಉಗಿ ಎಂಜಿನ್ ಓಡಿಸುವ ದಿನ ಸಿಕ್ಕರೆ ನೋಡಲೇಬೇಕು ಅಂತ ಅವರ ಹಟ. 1855ರ ಎಂಜಿನ್ ಓಡುತ್ತದೆ ಅಂದರೆ ನನಗಂತೂ ನಂಬೋಕೇ ಆಗ್ತಿಲ್ಲ. ಟಿಕೆಟ್ ತಗೊಂಡು ಬೋಗಿಯಲ್ಲಿ ಕೂರೋದಾ, ಹೊರಗೆ ನಿಂತು ನೋಡೋದಾ? ನನಗೆ ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲ. ಹೊಗೆ ಬಿಡುತ್ತೆ, ಕೂಗುತ್ತೆ, ಅಷ್ಟೇ. ಏನನ್ನು ಗಮನಿಸಬೇಕು ಅಂತ ಯಾರಾದರೂ ಹೇಳ್ತೀರಾ?

ಹಳೇ_ಫೈರ್‌ಮನ್:
ಹೊರಗೇ ನಿಲ್ಲಿ ಅಮ್ಮ. ಬೋಗಿಯಲ್ಲಿ ಕೂತರೆ ಎಸಿ ಗಾಳಿ, ತಿಂಡಿ, ಗಾಜಿನ ಕಿಟಕಿ. ಎಂಜಿನ್ ಇರೋದೇ ಗೊತ್ತಾಗಲ್ಲ. ನಾನು ಎಂಬತ್ತರ ದಶಕದಲ್ಲಿ ಹುಬ್ಬಳ್ಳಿ ಕಡೆ ಮೀಟರ್ ಗೇಜ್ ವೈಪಿ ಎಂಜಿನ್‌ಗೆ ಕಲ್ಲಿದ್ದಲು ಎಸೆದವನು. ನಿವೃತ್ತಿಯಾದ ಮೇಲೆ ಮಗನ ಜೊತೆ ಹೋಗಿ ಫೇರಿ ಕ್ವೀನ್ ನೋಡಿ ಬಂದೆ.

ಮೊದಲ ಮಾತು, ಬೇಗ ಹೋಗಿ. ಸ್ಟೀಮ್ ಎಂಜಿನ್‌ಗೆ ಕೀಲಿ ತಿರುಗಿಸಿ ಹೊರಡೋದು ಅಂತಿಲ್ಲ. ತಣ್ಣಗಿರೋ ಬಾಯ್ಲರ್ ಬಿಸಿಯಾಗೋಕೆ ತಾಸುಗಟ್ಟಲೆ ಬೇಕು. ಅವಸರ ಮಾಡಿ ಬೆಂಕಿ ಜಾಸ್ತಿ ಹಾಕಿದರೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಾಗೇ ಉಳಿದು, ಬಾಯ್ಲರ್ ಒಳಗಿನ ಬಿಸಿ ಗಾಳಿಯ ಟ್ಯೂಬ್‌ಗಳ ಬಾಯಲ್ಲಿ ನೀರು ಜಿನುಗೋಕೆ ಶುರುವಾಗುತ್ತೆ. ಹೊರಡುವ ಮುಂಚಿನ ಆ ಹೊತ್ತಿದೆಯಲ್ಲ, ನನ್ನ ಕೇಳಿದರೆ ಅರ್ಧ ಮಜಾ ಅಲ್ಲೇ ಇದೆ. ಒಬ್ಬ ಎಣ್ಣೆ ಕ್ಯಾನ್ ಹಿಡಿದು ಒಂದೊಂದೇ ಜಾಯಿಂಟ್‌ಗೆ ಎಣ್ಣೆ ಬಿಡ್ತಾ ಸುತ್ತು ಹಾಕುತ್ತಿರುತ್ತಾನೆ. ಇನ್ನೊಬ್ಬ ಫೈರ್‌ಬಾಕ್ಸ್ ಬಾಗಿಲು ತೆಗೆದು ಬೆಂಕಿಯ ಬಣ್ಣ ನೋಡಿ ಮುಚ್ಚುತ್ತಾನೆ.

ಎರಡನೇದು, ಮಧ್ಯದ ಚಕ್ರದ ಪಕ್ಕ ಜಾಗ ಹಿಡೀರಿ. ಈ ಎಂಜಿನ್‌ಗೆ ಮುಂದೆ ಒಂದು ಜೋಡಿ ಸಣ್ಣ ಚಕ್ರ, ಹಿಂದೆ ಒಂದು ಜೋಡಿ, ನಡುವೆ ಆರಡಿ ಎತ್ತರದ ಒಂದೇ ಜೋಡಿ ದೊಡ್ಡ ಚಕ್ರ. ಎಳೆಯೋದು ಆ ಜೋಡಿ ಮಾತ್ರ. ನಮ್ಮ ವೈಪಿಯಲ್ಲಿ ಮೂರು ಜೋಡಿ ಚಕ್ರ ಕೂಡಿ ಎಳೆಯುತ್ತಿದ್ದವು. ಇಲ್ಲಿ 26 ಟನ್ ತೂಕದಲ್ಲಿ ಆ ಒಂದು ಅಚ್ಚಿನ ಮೇಲೆ ಬೀಳೋ ಭಾರಕ್ಕಷ್ಟೇ ಹಳಿಯ ಹಿಡಿತ ಸಿಗೋದು. ಸಿಲಿಂಡರ್‌ಗೆ ಉಗಿ ಬಿಡೋ ಹಿಡಿಕೆ, ಅಂದರೆ ರೆಗ್ಯುಲೇಟರ್, ಸ್ವಲ್ಪ ಜಾಸ್ತಿ ತೆಗೆದರೂ ಚಕ್ರ ನಿಂತಲ್ಲೇ ಗಿರ್ರನೆ ಸುತ್ತುತ್ತೆ. ಅದಕ್ಕೇ ಎರಡೇ ಬೋಗಿ ಕಟ್ಟೋದು. ಡ್ರೈವರ್ ಕೈ ನೋಡಿ. ಹಸುಗೂಸನ್ನು ಎತ್ತಿಕೊಂಡ ಹಾಗೆ ಹಿಡಿಕೆಯನ್ನು ಇಷ್ಟಿಷ್ಟೇ ಸರಿಸುತ್ತಾನೆ.

ಹೊರಡುವಾಗ ಸಿಲಿಂಡರ್ ಹತ್ತಿರದಿಂದ ಬುಸ್ ಅಂತ ಬಿಳಿ ಉಗಿ ನುಗ್ಗುತ್ತೆ. ಏನೋ ಒಡೆದು ಹೋಯ್ತು ಅಂತ ಜನ ಹಿಂದೆ ಸರಿಯುತ್ತಾರೆ. ತಣ್ಣಗಿನ ಸಿಲಿಂಡರ್‌ನಲ್ಲಿ ಉಗಿ ನೀರಾಗಿ ನಿಂತಿರುತ್ತೆ, ಅದನ್ನು ಹೊರಹಾಕೋಕೆ ಬೇಕಂತಲೇ ಸಿಲಿಂಡರ್ ಕೆಳಗಿನ ಕಾಕ್ (ನಲ್ಲಿ) ತೆರೆದಿರುತ್ತಾರೆ. ನೀರು ಅಲ್ಲೇ ಉಳಿದರೆ ಪಿಸ್ಟನ್ ಬಂದು ಗುದ್ದಿ ಸಿಲಿಂಡರ್ ಮುಚ್ಚಳವನ್ನೇ ಸೀಳಬಹುದು.

ಆಮೇಲೆ ಛಕ್ ಛಕ್ ಎಣಿಸಿ. ಚಕ್ರ ಒಂದು ಸುತ್ತು ಬಂದರೆ ನಾಲ್ಕು ಛಕ್. ಆರಡಿ ಚಕ್ರದ ಸುತ್ತಳತೆ ಐದೂಮುಕ್ಕಾಲು ಮೀಟರ್, ಅಂದರೆ ಹೆಚ್ಚು ಕಡಿಮೆ ಒಂದೂವರೆ ಮೀಟರ್‌ಗೆ ಒಂದು ಛಕ್. ಚಿಕ್ಕ ಚಕ್ರದ ಗೂಡ್ಸ್ ಎಂಜಿನ್ ಕೇಳಿದವರಿಗೆ ಇದು ಬಹಳ ನಿಧಾನ ಅನ್ನಿಸುತ್ತೆ. ಇದರ ಗರಿಷ್ಠ ವೇಗವೇ ಗಂಟೆಗೆ 40 ಕಿ.ಮೀ., ಗಾಬರಿ ಬೇಡ.

ಕಪ್ಪು ಹೊಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿ ಫೋಟೊ ತೆಗೆಯುತ್ತಾರೆ. ನಮ್ಮ ಕಾಲದಲ್ಲಿ ಅಂಥ ಹೊಗೆ ಬಿಟ್ಟರೆ ಬೈಗುಳ ಬೀಳುತ್ತಿತ್ತು. ಕಲ್ಲಿದ್ದಲು ಸರಿಯಾಗಿ ಉರಿಯದೆ ದಂಡವಾಗ್ತಿದೆ ಅಂತ ಅರ್ಥ ಅಷ್ಟೇ. ತೆಳ್ಳಗೆ ಬೂದು ಬಣ್ಣದ ಹೊಗೆ ಬಂದರೆ ಫೈರ್‌ಮನ್ ಕೆಲಸ ಬಲ್ಲವನು.

ಮೀಟರ್‌ಗೇಜ್_ಮೋಹಿ:
ಓಡುವ ದಿನ ಖಚಿತ ಮಾಡಿಕೊಂಡೇ ಟಿಕೆಟ್ ಬುಕ್ ಮಾಡಿ. ದಿನಾ ಓಡುವ ಗಾಡಿ ಅಲ್ಲ ಅದು. 1909ರಲ್ಲಿ ನಿವೃತ್ತಿಯಾಗಿ 1997ರಲ್ಲಿ ಮತ್ತೆ ಹಳಿಗೆ ಇಳಿದದ್ದು. 2011ರಲ್ಲಿ ಬಿಡಿಭಾಗ ಕಳವಾಗಿ ಚೆನ್ನೈನ ಪೆರಂಬೂರು ರೈಲ್ವೆ ಕಾರ್ಖಾನೆಗೆ ರಿಪೇರಿಗೆ ಹೋಗಿ ಬಂತು. ಹೇಗಿದ್ದರೂ ಅಷ್ಟು ದೂರ ಹೋಗ್ತೀರಲ್ಲ, ಹರಿಯಾಣದ ರೇವಾಡಿ ಸ್ಟೀಮ್ ಶೆಡ್ ಬಿಡಬೇಡಿ. 1893ರ ಶೆಡ್ ಅದು. ‘ಅಕ್ಬರ್’ ಅನ್ನುವ ಡಬ್ಲ್ಯೂಪಿ (ಬ್ರಾಡ್‌ಗೇಜ್ ಪ್ಯಾಸೆಂಜರ್) ಎಂಜಿನ್ ಅಲ್ಲಿಯದೇ, 1965ರಲ್ಲಿ ಚಿತ್ತರಂಜನ್‌ನಲ್ಲಿ ತಯಾರಾದದ್ದು. ಅದರ ಪಕ್ಕ ನಿಂತ ಮೇಲೆ ಫೇರಿ ಕ್ವೀನ್ ಎಷ್ಟು ಪುಟ್ಟದು ಅಂತ ತಿಳಿಯುತ್ತೆ.

ಇನ್ನೊಂದು ವಿಷಯ. ಫೇರಿ ಕ್ವೀನ್ ಜೊತೆಯದೇ ಇಐಆರ್ (ಈಸ್ಟ್ ಇಂಡಿಯನ್ ರೈಲ್ವೆ) 21 ‘ಎಕ್ಸ್‌ಪ್ರೆಸ್’ ಎಂಜಿನ್ ಇರೋದು ಚೆನ್ನೈನಲ್ಲಿ. ಅದೂ 1855ರದ್ದೇ. ಎಗ್ಮೋರ್‌ನಿಂದ ಕೋಡಂಬಾಕ್ಕಂವರೆಗೆ ವಿಶೇಷ ದಿನಗಳಲ್ಲಿ ಓಡಿಸಿದ್ದಾರೆ. ದೆಹಲಿಯಲ್ಲಿ ತಪ್ಪಿದರೆ ಇದು ನಮಗೆ ಹತ್ತಿರ.

ಲೆಕ್ಕಾಚಾರ:
‘ಪ್ರಪಂಚದಲ್ಲೇ ಅತಿ ಹಳೆಯದು’ ಅಂತ ಅಪ್ಪನಿಗೆ ಹೇಳುವ ಮುಂಚೆ ಸ್ವಲ್ಪ ತಡೀರಿ. 1998ರ ಗಿನ್ನೆಸ್ ದಾಖಲೆ ಇರೋದು ‘ನಿಯಮಿತವಾಗಿ ಓಡುವ’ ಎಂಜಿನ್ ಅಂತ. ಅಮೆರಿಕದ ‘ಜಾನ್ ಬುಲ್’ 1831ರದ್ದು, ಅದನ್ನು 1981ರಲ್ಲಿ ಉಗಿ ತುಂಬಿಸಿಯೇ ಓಡಿಸಿದ್ದರು. ಇಂಗ್ಲೆಂಡಿನ ‘ಲಯನ್’ 1838ರದ್ದು, 1980ರಲ್ಲಿ ಓಡಿತ್ತು. ಅವು ಅಪರೂಪಕ್ಕೆ ಓಡಿ ಮತ್ತೆ ಮ್ಯೂಸಿಯಂ ಸೇರಿದವು.

ಹಳೇ_ಫೈರ್‌ಮನ್:
ಸರಿಯಾದ ಮಾತು. ಆದರೆ ಅಪ್ಪನ ಮುಂದೆ ಈ ವಾದ ಬೇಡ, ಎಂಜಿನ್ ಹೊರಟು ಹೋಗಿರುತ್ತೆ!

ಕಿಟಕಿ_ಸೀಟು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಅವರದ್ದೊಂದು ಪ್ರಶ್ನೆ: ಬಾಯ್ಲರ್ ಒಳಗೆ ಅಷ್ಟು ಒತ್ತಡ ಇರುವಾಗ ಹೊರಗಿನ ನೀರು ಒಳಗೆ ಹೋಗೋದು ಹೇಗೆ?

ಹಳೇ_ಫೈರ್‌ಮನ್:
ನಿಮ್ಮ ತಂದೆಯವರು ಕೇಳಿದ್ದು ಭಾರಿ ಪ್ರಶ್ನೆ. ನಮ್ಮ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಇತ್ತು. ಬಾಯ್ಲರ್‌ನದೇ ಉಗಿಯನ್ನು ರಭಸವಾಗಿ ಬಿಟ್ಟು, ಅದರ ಜೊತೆಗೇ ನೀರನ್ನು ಒಳಗೆ ದಬ್ಬೋದು. ಗಿಫಾರ್ಡ್ ಅನ್ನುವ ಫ್ರೆಂಚ್ ಎಂಜಿನಿಯರ್ ಅದನ್ನು ಕಂಡುಹಿಡಿದದ್ದು 1858ರಲ್ಲಿ, ಈ ಎಂಜಿನ್ ಹುಟ್ಟಿ ಮೂರು ವರ್ಷ ಆದಮೇಲೆ. ಅದಕ್ಕೂ ಮುಂಚೆ ಎಂಜಿನ್ ಚಲಿಸಿದರೆ ಮಾತ್ರ ಕೆಲಸ ಮಾಡುವ ಪಂಪ್‌ಗಳೇ ಜಾಸ್ತಿ. ಸ್ಟೇಷನ್‌ನಲ್ಲಿ ಹೊತ್ತಾಯ್ತು, ನೀರು ಕಮ್ಮಿಯಾಯ್ತು ಅಂದರೆ ಬೋಗಿ ಬಿಚ್ಚಿ, ಬರೀ ಎಂಜಿನ್ನನ್ನು ಹಿಂದೆ ಮುಂದೆ ಓಡಿಸಿ ನೀರು ತುಂಬಿಸಬೇಕಿತ್ತು.

ಕ್ಯಾಬ್ ಒಳಗೆ ಇಣುಕಲು ಬಿಟ್ಟರೆ ಗೇಜ್ ಗ್ಲಾಸ್ ತೋರಿಸಿ ಅಂತ ಕೇಳಲಿ. ಬಾಯ್ಲರ್‌ನಲ್ಲಿ ನೀರು ಎಷ್ಟಿದೆ ಅಂತ ಆ ಗಾಜಿನ ಕೊಳವೆಯಲ್ಲಿ ಕಾಣುತ್ತೆ. ಎಂಜಿನ್ ನಿಂತಿದ್ದಾಗ ಮಾತ್ರ ಕೇಳಿ, ಹೊರಡುವ ಹೊತ್ತಿನಲ್ಲಿ ಡ್ರೈವರನ್ನು ಮಾತಾಡಿಸಬೇಡಿ. ಬಿಳಿ ಬಟ್ಟೆನೂ ಬೇಡ, ಮಸಿ ಹೋಗಲ್ಲ.