ಅಪ್‌ಡೇಟ್: ಜಾಲಿ ಮುಳ್ಳಿನ ಪಂಕ್ಚರ್ ಕಾಟ ತಪ್ಪಿತು

ಕಾಡುದಾರಿಯ ಗ್ರಾವೆಲ್ ರೇಸ್‌ಗೆ (ಜಲ್ಲಿ-ಮಣ್ಣಿನ ದಾರಿಯ ಸೈಕಲ್ ರೇಸ್) ಅಂತ ತುಮಕೂರಿನ ಹತ್ತಿರದ ದೇವರಾಯನದುರ್ಗದ ಸುತ್ತಿನ ಮಣ್ಣುದಾರಿಗಳಲ್ಲಿ ಅಭ್ಯಾಸ ಮಾಡುತ್ತಿದ್ದೇನೆ, ಪ್ರತಿ ಸಲ ಜಾಲಿ ಮುಳ್ಳು ಚುಚ್ಚಿ ಪಂಕ್ಚರ್ ಆಗುತ್ತಿದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ ಅಲ್ವಾ? ಹೋದ ಭಾನುವಾರ ರೇಸ್ ಆಯಿತು. ಒಂದು ಸಲವೂ ನಿಲ್ಲದೆ ಮುಗಿಸಿದೆ!

ದಪ್ಪ ಟ್ಯೂಬ್ ಹಾಕಿ ನೋಡಿದೆ, ಉಪಯೋಗವಾಗಲಿಲ್ಲ. ಭಾರ ಜಾಸ್ತಿಯಾಯಿತು ಅಷ್ಟೇ. ಕೈಹಿಡಿದದ್ದು ನೀವು ಕೊಟ್ಟ ಟ್ಯೂಬ್‌ಲೆಸ್ ಸಲಹೆ, ಅಂದರೆ ಒಳಗೆ ಟ್ಯೂಬ್ ಇಲ್ಲದ ಟೈರ್. 40 ಮಿ.ಮೀ. ಟೈರ್‌ಗೆ ತಲಾ 60 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿಸಿದೆ. ಮುಳ್ಳು ಕಿತ್ತ ಮೇಲೆ ತೂತನ್ನು ಕೆಳಗೆ ಬರುವ ಹಾಗೆ ತಿರುಗಿಸಿ ಇಟ್ಟರೆ ಸಾಕು, ತಾನೇ ಮುಚ್ಚಿಕೊಳ್ಳುತ್ತದೆ. ಗಾಳಿಯ ಒತ್ತಡವನ್ನೂ 50 ಪಿಎಸ್‌ಐಯಿಂದ 35ಕ್ಕೆ ಇಳಿಸಿದೆ. ಜಲ್ಲಿಯ ಮೇಲೆ ಹಿಡಿತ ಚೆನ್ನಾಗಿದೆ, ಕೈ ಜೋಮು ಹಿಡಿಯುವುದೂ ಕಮ್ಮಿಯಾಗಿದೆ.

ನಿಜಕ್ಕೂ ಆಶ್ಚರ್ಯವಾಗಿದ್ದು ಬೇರೆ. ಹಳೆ ಟೈರ್ ಬಿಚ್ಚಿ ಒಳಗೆ ಹತ್ತಿ ಬಟ್ಟೆ ಆಡಿಸಿದೆ. ಆರು ಕಡೆ ಸಿಕ್ಕಿಕೊಂಡಿತು! ಮುರಿದ ಮುಳ್ಳಿನ ತುದಿಗಳು ಅಲ್ಲೇ ಕೂತಿದ್ದವು. ಹೊಸ ಟ್ಯೂಬ್ ಹಾಕಿದಾಗಲೆಲ್ಲ ಅವೇ ಚುಚ್ಚುತ್ತಿದ್ದವು. ಟ್ಯೂಬ್ ಬದಲಿಸುವ ಮುಂಚೆ ದಯವಿಟ್ಟು ಇದನ್ನು ಮಾಡಿ.

ನಮ್ಮ ಬಿಸಿಲಿಗೆ ಸೀಲೆಂಟ್ ಬೇಗ ಒಣಗುತ್ತದೆ. ಚಕ್ರ ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಬಾರದಿದ್ದರೆ ಮತ್ತೆ ತುಂಬಿಸಿ. ಸೀಲೆಂಟ್‌ಗೆ ಮುಚ್ಚಲಾಗದ ತೂತಾದರೆ ಇರಲಿ ಅಂತ ಒಂದು ಟ್ಯೂಬ್ ಮಾತ್ರ ಈಗಲೂ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಸಹಾಯ ಮಾಡಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.